ಬೇಸ್‌ಬಾಲ್ ಆಟಗಾರರ ಹಸ್ತಾಕ್ಷರಗಳಲ್ಲಿ ಅವರ ತಮಾಷೆಯ ಸ್ವಭಾವ ಕಾಣುವುದುಂಟೇ?

ಬರಿಯ ಸಹಿಯಿಂದ ಆಟಗಾರನ ಸ್ವಭಾವ ತಿಳಿಯದು ಎಂಬ ನಿಮ್ಮ ಅನುಮಾನ ಬಹುಮಟ್ಟಿಗೆ ಸರಿ; ಆದರೆ ಸಹಿಯ ಜೊತೆಗೆ ಆತ ತನ್ನದೇ ಒಂದು ಮಾತನ್ನೂ ಬರೆದುಕೊಟ್ಟಿದ್ದರೆ ಆ ವಸ್ತುವಿನ ಕಳೆಯೇ ಬೇರೆ. ಇದಕ್ಕೆ ಉದಾಹರಣೆಯಾಗಿ ನಾನು ಮೊದಲು ಹೇಳುವುದು ಯೋಗಿ ಬೆರ್ರಾ ಸಹಿ ಮಾಡಿದ ಒಂದು ಫೋಟೊವನ್ನು.

ಬೆರ್ರಾ ನ್ಯೂಯಾರ್ಕ್ ಯಾಂಕೀಸ್ ತಂಡದ ಕ್ಯಾಚರ್ (ಕ್ರಿಕೆಟ್‌ನ ವಿಕೆಟ್ ಕೀಪರ್‌ನಂತೆ ಬ್ಯಾಟರ್‌ನ ಹಿಂದೆ ಕುಳಿತು ಚೆಂಡು ಹಿಡಿಯುವವರು), ಆಟಗಾರನಾಗಿ 10 ವರ್ಲ್ಡ್ ಸೀರೀಸ್, ಅಂದರೆ ಅಮೆರಿಕದ ವೃತ್ತಿಪರ ಬೇಸ್‌ಬಾಲ್‌ನ ವಾರ್ಷಿಕ ಅಂತಿಮ ಸರಣಿ, ಗೆದ್ದವರು. 1955ರ ಸೆಪ್ಟೆಂಬರ್ 28ರಂದು ಬ್ರೂಕ್ಲಿನ್ ಡಾಡ್ಜರ್ಸ್ ವಿರುದ್ಧದ ವರ್ಲ್ಡ್ ಸೀರೀಸ್‌ನ ಮೊದಲ ಪಂದ್ಯದಲ್ಲಿ, ಮೂರನೆಯ ಬೇಸ್‌ನಲ್ಲಿದ್ದ ಡಾಡ್ಜರ್ಸ್‌ನ 36 ವರ್ಷದ ಜಾಕಿ ರಾಬಿನ್ಸನ್, ಪಿಚರ್ ವೈಟಿ ಫೋರ್ಡ್ ಚೆಂಡೆಸೆಯಲು ತೊಡಗುತ್ತಿದ್ದಂತೆಯೇ ರನ್ ಗಳಿಸಲು ಮುಟ್ಟಬೇಕಾದ ಹೋಮ್ ಪ್ಲೇಟಿನತ್ತ ಧಾವಿಸಿ ಕಾಲು ಚಾಚಿ ಜಾರಿದರು. ಬೆರ್ರಾ ಚೆಂಡು ಹಿಡಿದು ಗ್ಲೌಸನ್ನು ಅಡ್ಡ ತಂದರು. ಕ್ರಿಕೆಟ್ ಬಲ್ಲವರು ಇದನ್ನು ಕೀಪರ್ ತುದಿಯ ರನೌಟ್ ಯತ್ನದಂತೆ ಊಹಿಸಿಕೊಳ್ಳಬಹುದು, ಮೂರನೆಯ ಅಂಪೈರ್ ಮಾತ್ರ ಇರಲಿಲ್ಲ. ಅಂಪೈರ್ ಬಿಲ್ ಸಮ್ಮರ್ಸ್ 'ಸೇಫ್' (ಔಟಲ್ಲ) ಎಂದೊಡನೆ ಬೆರ್ರಾ ಜಿಗಿದೆದ್ದು ಅವರ ಮೇಲೆ ಹರಿಹಾಯ್ದರು. ಪಂದ್ಯವನ್ನು ಯಾಂಕೀಸ್ 6–5ರಿಂದ ಗೆದ್ದಿತು, ಸರಣಿ ಮಾತ್ರ ಡಾಡ್ಜರ್ಸ್ ಪಾಲಾಯಿತು.

ಮುಂದೆ ಯಾರಾದರೂ ಆ ಕ್ಷಣದ ಫೋಟೊವನ್ನು ಸಹಿಗೆಂದು ಮುಂದಿಟ್ಟರೆ, ಬೆರ್ರಾ ಹೆಸರಿನ ಜೊತೆಗೆ 'ಅವನು ಔಟಾಗಿದ್ದ!' ಎಂದೂ ಬರೆದುಕೊಡುತ್ತಿದ್ದರು. ಅಮೆರಿಕದ ಅಂದಿನ ಅಧ್ಯಕ್ಷ ಬರಾಕ್ ಒಬಾಮ ಅವರಿಗೆ ಕೊಟ್ಟ ಪ್ರತಿಯಲ್ಲಿ 'ಮಾನ್ಯ ಅಧ್ಯಕ್ಷರೇ' ಎಂದು ಗೌರವದಿಂದಲೇ ಆರಂಭಿಸಿ, ಅದೇ ತೀರ್ಪನ್ನು ಮತ್ತೆ ಬರೆದಿದ್ದಾರೆ. ಅರ್ಧ ಶತಮಾನದ ಹಿಂದೆ ಇತ್ಯರ್ಥವಾದ ಮೊಕದ್ದಮೆಯನ್ನು, ಪ್ರತಿವಾದಿಯ ಚಿತ್ರದ ಮೇಲೆಯೇ ಮೇಲ್ಮನವಿ ಬರೆದು, ದೇಶದ ಅತ್ಯುನ್ನತ ಪದವಿಯಲ್ಲಿದ್ದವರ ಮುಂದಿಟ್ಟ ಆ ಹಟದಲ್ಲಿ ಕಹಿಯಿಲ್ಲ, ಶುದ್ಧ ತುಂಟತನವಿದೆ.

ಮತ್ತೊಬ್ಬ ಬೇಸ್‌ಬಾಲ್ ಆಟಗಾರ ಪೀಟ್ ರೋಸ್ ಸಹಿ ಮಾಡಿದ ಚೆಂಡುಗಳನ್ನೂ ಹಲವರು ಇದೇ ಸಾಲಿಗೆ ಸೇರಿಸುತ್ತಾರೆ. ಬಾಜಿ ಕಟ್ಟಿದ ಆರೋಪದಿಂದ 1989ರಲ್ಲಿ ಆಟದಿಂದ ಬಹಿಷ್ಕೃತರಾದ ರೋಸ್, 2004ರಲ್ಲಿ ಅದನ್ನು ಒಪ್ಪಿಕೊಂಡ ಮೇಲೆ 'ಬೇಸ್‌ಬಾಲ್ ಮೇಲೆ ಬಾಜಿ ಕಟ್ಟಿದ್ದಕ್ಕೆ ಕ್ಷಮೆಯಿರಲಿ' ಎಂದು ಚೆಂಡುಗಳ ಮೇಲೆ ಬರೆದು ಮಾರಿದರು. ನಗು ಬರುವುದು ನಿಜ, ಆದರೆ ನನ್ನ ಮಟ್ಟಿಗೆ ಅದರಲ್ಲಿ ಅಂಗಡಿಯ ವಾಸನೆ ತುಸು ಹೆಚ್ಚು.

ಕೊಳ್ಳುವ ಯೋಚನೆಯಿದ್ದರೆ, ಸಹಿಯೂ ಒಕ್ಕಣೆಯೂ ಒಂದೇ ಕೈಬರಹದ್ದೇ ಎಂಬುದನ್ನು ಮೊದಲು ನೋಡಿ. ಒಕ್ಕಣೆಯಿದ್ದರೆ ಬೆಲೆ ಏರುವುದರಿಂದ, ನಿಜವಾದ ಸಹಿಯ ಪಕ್ಕದಲ್ಲಿ ಬೇರೆಯವರು ಸಾಲು ಸೇರಿಸಿರುವ ಸಾಧ್ಯತೆಯೂ ಇರುತ್ತದೆ. ಬೆರ್ರಾ 2015ರಲ್ಲಿ ತೀರಿಕೊಂಡಿರುವುದರಿಂದ, ಹಸ್ತಾಕ್ಷರ ಪರಿಶೀಲಿಸುವ ಸ್ವತಂತ್ರ ಸಂಸ್ಥೆಯೊಂದರ ಪ್ರಮಾಣಪತ್ರವಿಲ್ಲದೆ ದೊಡ್ಡ ಮೊತ್ತ ತೆರಬೇಡಿ.