ಮೋಟ್ರ್ ಸುಟ್ಟಿದ್ದಕ್ಕ ಅಂಗಡಿಯವ್ರು ವಾರಂಟಿ ಕೊಡವಲ್ರು ಅಂದಿದ್ದಕ್ಕ

ಅಕ್ಕಾರ, ಬೋರಿನ ಮೋಟ್ರ್ ತಂದು ನಾಕ ತಿಂಗ್ಳಿಗೆ ಸುಟ್ಟೈತಿ, ಅಂಗಡಿಯವ್ರು ಕರೆಂಟಿನ ತಪ್ಪು ಅಂತಾರ, ವಕೀಲ್ರು ಹದಿನೈದು ಸಾವ್ರ ಕೇಳ್ಯಾರ ಅಂದ್ರಲ್ಲ, ಆ ರೊಕ್ಕ ಈಗ ಕೊಡಬ್ಯಾಡ್ರಿ.

ಮೊದ್ಲು ಬಿಲ್ ತಗದು ಜೆರಾಕ್ಸ್ ಮಾಡಿಸ್ರಿ, ಇವತ್ತೇ. ನಮ್ಮ ಫ್ರಿಡ್ಜಿಂದು ಹಿಂಗ ಆದಾಗ ಬಿಲ್ ಡಬ್ಬಿಯೊಳಗ ಇಟ್ಟಿದ್ದೆ, ಆ ನುಣುಪು ಕಾಗದದ ಮ್ಯಾಲ ತಾರೀಕು ಅಳಿಸಿ ಬರೇ ಅಂಗಡಿ ಹೆಸ್ರು ಉಳದಿತ್ತು, ಭಾಳ ತ್ರಾಸ ಆತು. ಸುಟ್ಟ ಮೋಟ್ರ್ ಬಿಚ್ಚಿಸಬ್ಯಾಡ್ರಿ, ಬಿಚ್ಚಿದ್ರ ನೀವ ಕೆಡಿಸೀರಿ ಅಂತಾರ.

ಆಮ್ಯಾಲ ಅಂಗಡಿಗೂ ಕಂಪನಿಗೂ ಏನಾಗೈತಿ ಅಂತ ಕನ್ನಡದಾಗ ಬರದು ಹದಿನೈದು ದಿನ ಟೈಮ್ ಕೊಟ್ಟು ಸ್ಪೀಡ್ ಪೋಸ್ಟ್ ಮಾಡ್ರಿ, ರಸೀದಿ ಜ್ವಾಕಿ. 1915 ಅಂದ್ರ ಗ್ರಾಹಕರ ಸಹಾಯವಾಣಿ, ಅದಕ್ಕ ಫೋನ್ ಮಾಡಿನೂ ಕಂಪ್ಲೇಂಟ್ ಬರಸ್ರಿ, ಎಷ್ಟೋ ಕಂಪನಿ ಅಷ್ಟಕ್ಕ ದಾರಿಗೆ ಬರ್ತಾವ. ಬರಲಿಲ್ಲಂದ್ರ ನಿಮ್ಮ ರಾಯಚೂರಿನ ಜಿಲ್ಲಾ ಗ್ರಾಹಕರ ಆಯೋಗ, ಅಂದ್ರ ಗ್ರಾಹಕರ ಕೋರ್ಟ್ ಐತಿ. ನೀವು ಕೊಟ್ಟ ರೊಕ್ಕ 5 ಲಕ್ಷದೊಳಗ ಇದ್ರ ಫೀ ಇಲ್ಲ, ವಕೀಲ್ರು ಬೇಕ ಬೇಕು ಅಂತನೂ ಇಲ್ಲ, ಅಂಗಡಿ ಹೈದ್ರಾಬಾದಿನ್ಯಾಗಿದ್ರೂ 2019ರ ಗ್ರಾಹಕರ ಕಾಯ್ದೆ ಪ್ರಕಾರ ನೀವಿರೋ ಜಿಲ್ಲಾದಾಗನ ಕೇಸ್ ಹಾಕಬೌದು. ಎರಡು ವರ್ಷದೊಳಗ ಹಾಕ್ರಿ.

ಬರಿಯೋಕ ಆಗಲ್ಲಂದ್ರ ನಿಮ್ಮ ಸಿಂಧನೂರು ಕೋರ್ಟಿನ್ಯಾಗ ತಾಲ್ಲೂಕು ಕಾನೂನು ಸೇವಾ ಸಮಿತಿ ಅಂತ ಕೇಳ್ರಿ, ಹೆಣ್ಮಕ್ಕಳಿಗೆ ಆದಾಯ ಎಷ್ಟ ಇದ್ರೂ ಪುಕ್ಕಟೆ ವಕೀಲ್ರನ್ನ ಕೊಡ್ತಾರ, ಇದು ನಿಮ್ಮ ಹಕ್ಕು, ಯಾರ ಉಪಕಾರನೂ ಅಲ್ಲ. ಕಾನೂನು ಸೇವಾದ ಸಹಾಯವಾಣಿ 15100ಕ್ಕೂ ಫೋನ್ ಮಾಡಬೌದು. ಲೋಕ ಅದಾಲತ್ತು, ಅಂದ್ರ ರಾಜಿ ಮಾಡಿಸೋ ಕೋರ್ಟಿನ್ಯಾಗ ರಾಜಿ ಆಗ್ರಿ ಅಂದ್ರ ಪೂರಾ ಓದಿ ಸೈನ್ ಮಾಡ್ರಿ, ಅದರ ಮ್ಯಾಲ ಅಪೀಲಿಲ್ಲ. ಪತ್ರ ಬರದ ಮ್ಯಾಲ ಇಲ್ಲಿ ಹಾಕ್ರಿ, ನೋಡಿ ಹೇಳ್ತೀನಿ.