ಸಂಪಾದಕರ ಉತ್ತರ: ತಾಸಿಗೆ ಆರುನೂರು ರೂಪಾಯಿ ದುಡಿಯುವವರು ಬಡವರು ಹೇಗೆ?

ಮಾನ್ಯರೇ,

ರಾಣೆಬೆನ್ನೂರಿನಿಂದ ತಾವು ಬರೆದ ನಾಲ್ಕು ಪುಟಗಳ ಪತ್ರ ತಲುಪಿದೆ. ಹೆಸರು ಅಚ್ಚಿಸುವುದು ಬೇಡ ಎಂದಿದ್ದೀರಿ, ಹಾಗೆಯೇ ನಡೆದುಕೊಂಡಿದ್ದೇವೆ. ಅಮೆರಿಕದ ಟೆಕ್ಸಸ್‌ನಲ್ಲಿರುವ ತಮ್ಮ ತಂಗಿಯ ಮಗ ರಜೆಗೆ ಊರಿಗೆ ಬಂದಾಗ, ತಾನು ದಿನಸಿ ತರುವ ಅಂಗಡಿಯಲ್ಲಿ ಬಿಲ್ಲು ಮಾಡುವ ಹೆಣ್ಣುಮಗಳೊಬ್ಬಳು ಕೂಸನ್ನು ಕಟ್ಟಿಕೊಂಡು ಕಾರಿನಲ್ಲೇ ರಾತ್ರಿ ಕಳೆಯುತ್ತಾಳೆಂದು ಹೇಳಿದನಂತೆ. ತಮಗೆ ನಂಬಿಕೆ ಬರಲಿಲ್ಲ. "ತಾಸಿಗೆ ಆರುನೂರು ರೂಪಾಯಿ ದುಡಿಯುವವರು, ಮೇಲಾಗಿ ಕಾರು ಇದ್ದವರು, ಬಡವರು ಹೇಗಾಗುತ್ತಾರೆ?" ಎಂಬುದು ತಮ್ಮ ಮೊದಲ ಪ್ರಶ್ನೆ. "ನಮ್ಮ ದೇಶವೂ ಅಷ್ಟು ಶ್ರೀಮಂತವಾದ ದಿನ ನನ್ನ ಕಿರಾಣಿ ಅಂಗಡಿಯ ಉದ್ರಿ ವಹಿ ತಾನಾಗಿಯೇ ಮುಚ್ಚೀತಲ್ಲವೇ?" ಎಂಬುದು ಎರಡನೆಯದು. ಈ ಎರಡನೆಯ ಪ್ರಶ್ನೆಯ ಕಾರಣಕ್ಕೇ ಉತ್ತರ ಇಷ್ಟು ಉದ್ದವಾಗಿದೆ.

ತಮ್ಮ ಅಳಿಯ ಹೇಳಿದ್ದರಲ್ಲಿ ಉತ್ಪ್ರೇಕ್ಷೆಯೇನೂ ಇಲ್ಲ. ಮನೆಯಿಲ್ಲದವರನ್ನು ಅಲ್ಲಿಯ ಸರ್ಕಾರ ಪ್ರತಿ ವರ್ಷ ಜನವರಿಯ ಒಂದು ರಾತ್ರಿ ಎಣಿಸುತ್ತದೆ. 2024ರ ಎಣಿಕೆಯಲ್ಲಿ ಬೀದಿ, ಕಾರು ಮತ್ತು ತಾತ್ಕಾಲಿಕ ಆಶ್ರಯಗಳಲ್ಲಿ ಮಲಗಿದ್ದವರು 7,71,480 ಮಂದಿ. ಎಣಿಕೆ ಆರಂಭವಾದಾಗಿನಿಂದ ಅಷ್ಟು ದೊಡ್ಡ ಸಂಖ್ಯೆ ಅದುವರೆಗೆ ಬಂದಿರಲಿಲ್ಲ. ಅವರಲ್ಲಿ ದಿನಾಲೂ ಕೆಲಸಕ್ಕೆ ಹೋಗಿಬರುವವರೂ ಇದ್ದಾರೆ.

ಆರುನೂರು ರೂಪಾಯಿಯ ಲೆಕ್ಕವನ್ನು ರೂಪಾಯಿಯಲ್ಲಿ ಮಾಡಿದರೆ ತಪ್ಪುತ್ತದೆ, ಏಕೆಂದರೆ ಆಕೆ ದುಡಿಯುವುದೂ ಬಾಡಿಗೆ ಕಟ್ಟುವುದೂ ಡಾಲರಿನಲ್ಲಿ. ಅಮೆರಿಕದ ಕೇಂದ್ರ ಸರ್ಕಾರ ನಿಗದಿ ಮಾಡಿರುವ ಕನಿಷ್ಠ ಕೂಲಿ ತಾಸಿಗೆ 7.25 ಡಾಲರ್. 2009ರ ಜುಲೈನಿಂದ ಅದು ಒಂದು ಸೆಂಟ್ ಕೂಡ ಏರಿಲ್ಲ. ವಾರಕ್ಕೆ ನಲವತ್ತು ತಾಸಿನಂತೆ, ಒಂದು ದಿನವೂ ತಪ್ಪಿಸದೆ ವರ್ಷವಿಡೀ ದುಡಿದರೆ ಕೈಗೆ ಬರುವುದು 15,080 ಡಾಲರ್. ತಾಯಿ ಮತ್ತು ಒಂದು ಮಗುವಿನ ಕುಟುಂಬಕ್ಕೆ ಅದೇ ಸರ್ಕಾರ 2024ರಲ್ಲಿ ಹಾಕಿದ ಬಡತನದ ಗೆರೆ 20,440 ಡಾಲರ್. ಅಂದರೆ ಕಾಯಿದೆ ಒಪ್ಪುವ ಕೂಲಿಯನ್ನು ಪೂರ್ತಿ ಪಡೆದವಳನ್ನೂ ಅವಳ ಸರ್ಕಾರವೇ ಬಡವಳೆಂದು ಕರೆಯುತ್ತದೆ. ಸುಮಾರು ಮೂವತ್ತು ರಾಜ್ಯಗಳು ತಮ್ಮಷ್ಟಕ್ಕೆ ಕೂಲಿ ಹೆಚ್ಚಿಸಿಕೊಂಡಿವೆ, ಆದರೆ ಟೆಕ್ಸಸ್ ಅವುಗಳಲ್ಲಿ ಒಂದಲ್ಲ. ಬರೀ 7.25 ಡಾಲರಿಗೆ ದುಡಿಯುವವರು ಈಗ ಕಡಿಮೆ ಎಂಬುದೂ ನಿಜ. ಆ ಹೆಣ್ಣುಮಗಳಿಗೆ ಹದಿಮೂರು ಡಾಲರ್ ಸಿಗುತ್ತದೆಂದೇ ಇಟ್ಟುಕೊಳ್ಳೋಣ. ತಿಂಗಳಿಗೆ ಎರಡು ಸಾವಿರದ ಇನ್ನೂರೈವತ್ತು ಡಾಲರ್ ಆಯಿತು. ಡಲ್ಲಾಸ್‌ನಂಥ ಊರಿನಲ್ಲಿ ಮಲಗುವ ಕೋಣೆ ಒಂದೇ ಇರುವ ಮನೆಗೂ ಬಾಡಿಗೆ ಸಾವಿರ ಡಾಲರ್ ದಾಟುತ್ತದೆ. ಬಾಡಿಗೆಯ ಮೂರು ಪಟ್ಟು ಪಗಾರ ತೋರಿಸು, ಮುಂಗಡ ಕಟ್ಟು ಎಂದು ಮನೆ ಮಾಲೀಕರು ಕೇಳುವುದು ಅಲ್ಲಿ ರೂಢಿ.

ಇನ್ನು ಕಾರು. ನಮ್ಮಲ್ಲಿ ಹಾವೇರಿಯ ಹೆಣ್ಣುಮಗಳು ಸರ್ಕಾರಿ ಬಸ್ಸು ಹತ್ತಿ ಕೆಲಸಕ್ಕೆ ಹೋಗುತ್ತಾಳೆ. 2023ರ ಜೂನ್‌ನಿಂದ ಆಕೆ ಟಿಕೆಟ್ಟಿಗೆ ಹಣ ಕೊಡಬೇಕಾಗಿಯೂ ಇಲ್ಲ. ಅಲ್ಲಿಯ ಬಹುಪಾಲು ಊರುಗಳಲ್ಲಿ ಕಾರು ಹೋಯಿತೆಂದರೆ ಕೆಲಸವೂ ಹೋಯಿತು. ಆದ್ದರಿಂದ ಮನೆ ಬಿಟ್ಟಾರು, ಕಾರು ಬಿಡಲಾರರು. ತಮ್ಮ ಅಳಿಯ ಕಂಡ ಕಾರನ್ನು ದಯವಿಟ್ಟು ಸಿರಿವಂತಿಕೆಯ ಗುರುತು ಎಂದು ತಿಳಿಯಬೇಡಿ.

ತಮ್ಮ ಪತ್ರದಲ್ಲಿ ನಮ್ಮ ಮನಸ್ಸಿಗೆ ಹೆಚ್ಚು ತಾಗಿದ್ದು ಮೂರನೆಯ ಪುಟ. ಬಟವಾಡೆಯಾದ ವಾರ ಎಣ್ಣೆಯನ್ನು ಕಿಲೋ ಲೆಕ್ಕದಲ್ಲಿ ಒಯ್ಯುವ ಮನೆಯವರೇ ತಿಂಗಳ ಕೊನೆಗೆ ಸಣ್ಣ ಸ್ಟೀಲಿನ ಡಬ್ಬಿ ಹಿಡಿದು ನೂರು ಗ್ರಾಂ ಎಣ್ಣೆಗೆ, ಐದು ರೂಪಾಯಿಯ ಚಹಾಪುಡಿ ಚೀಟಿಗೆ ಬರುತ್ತಾರೆ; ಚೀಟಿಯ ಚಹಾಪುಡಿ ಕಿಲೋ ಲೆಕ್ಕಕ್ಕೆ ಹಿಡಿದರೆ ತುಟ್ಟಿ ಎಂದು ಅವರಿಗೂ ಗೊತ್ತು, ತಮಗೂ ಗೊತ್ತು ಎಂದು ಬರೆದಿದ್ದೀರಿ. ಇದ್ದವರಿಗಿಂತ ಇಲ್ಲದವರಿಗೇ ಅದೇ ಸಾಮಾನು ತುಟ್ಟಿ ಬೀಳುವ ಈ ಸಂಗತಿ ಶ್ರೀಮಂತ ದೇಶದಲ್ಲಿ ಹೋಗಿಲ್ಲ, ಇನ್ನೂ ಹೆಚ್ಚಾಗಿದೆ. ದಿಢೀರನೆ 400 ಡಾಲರ್ ಖರ್ಚು ಬಂದರೆ ಸಾಲ ಮಾಡದೆ ತೀರಿಸುತ್ತೇವೆ ಎಂದವರು ಅಲ್ಲಿಯ ಕೇಂದ್ರ ಬ್ಯಾಂಕಿನ 2023ರ ಸಮೀಕ್ಷೆಯಲ್ಲಿ ನೂರಕ್ಕೆ 63 ಮಂದಿ ಮಾತ್ರ. ಉಳಿದವರ ಕಾರು ಕೆಟ್ಟರೆ, ಕೂಸಿಗೆ ಜ್ವರ ಬಂದರೆ? ಆರೋಗ್ಯ ವಿಮೆ ಇಲ್ಲದವರ ಪ್ರಮಾಣ ಆ ದೇಶದಲ್ಲಿ ಎಲ್ಲಕ್ಕಿಂತ ಹೆಚ್ಚಿರುವುದೂ ಟೆಕ್ಸಸ್‌ನಲ್ಲಿಯೇ.

ಅಂಥವರಿಗೆಂದೇ ಪಗಾರದ ಮೇಲೆ ಸಾಲ ಕೊಡುವ ಅಂಗಡಿಗಳಿವೆ. ನೂರು ಡಾಲರ್ ಕೊಟ್ಟು ಎರಡು ವಾರಕ್ಕೆ ಹದಿನೈದು ಡಾಲರ್ ಬಡ್ಡಿ ಹಿಡಿಯುವುದು ಅವುಗಳ ಸಾಮಾನ್ಯ ದರ. ವರ್ಷದ ಲೆಕ್ಕ ಹಾಕಿದರೆ ನೂರಕ್ಕೆ ನಾಲ್ಕುನೂರರ ಹತ್ತಿರ! ಹುಬ್ಬಳ್ಳಿಯಲ್ಲಿ ನಾವು ಮೀಟರ್ ಬಡ್ಡಿ ಎನ್ನುವುದೂ, ಪೊಲೀಸರಿಗೆ ಹೆದರಿ ಬಾಗಿಲು ಹಾಕಿಕೊಂಡು ನಡೆಯುವುದೂ ಇದೇ ಬಗೆಯ ವ್ಯವಹಾರ. ಅಲ್ಲಿ ಹಲವು ರಾಜ್ಯಗಳಲ್ಲಿ ಬೋರ್ಡು ಹಾಕಿಕೊಂಡು, ಲೈಸನ್ಸ್ ಪಡೆದು ನಡೆಯುತ್ತದೆ. ಸೈನಿಕರ ಕುಟುಂಬಗಳಿಂದ ನೂರಕ್ಕೆ 36ಕ್ಕಿಂತ ಹೆಚ್ಚು ಬಡ್ಡಿ ತೆಗೆದುಕೊಳ್ಳಕೂಡದೆಂದು ಅಲ್ಲಿಯ ಸಂಸತ್ತು 2006ರಲ್ಲಿ ಕಾಯಿದೆ ಮಾಡಿತು. ಸೈನಿಕನನ್ನು ಉಳಿಸಬೇಕಾದ ಬಡ್ಡಿಯಿಂದ ಬಿಲ್ಲು ಮಾಡುವ ಹೆಣ್ಣುಮಗಳನ್ನು ಯಾಕೆ ಉಳಿಸಬಾರದು ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ನಮಗೆ ಎಲ್ಲಿಯೂ ಸಿಕ್ಕಿಲ್ಲ.

ಈ ಮಾತನ್ನು ಬರೆಯುವಾಗ ಗದಗ ತಾಲ್ಲೂಕಿನ ಕಣಗಿನಹಾಳ ನೆನಪಾಗದೆ ಇರುವುದಿಲ್ಲ. ಸಾಹುಕಾರರ ಬಡ್ಡಿಯಲ್ಲಿ ಹೊಲ ಕಳೆದುಕೊಳ್ಳುತ್ತಿದ್ದ ರೈತರನ್ನು ಕಂಡು ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ಅಲ್ಲಿ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶ ಆಗ ಪರರ ಕೈಯಲ್ಲಿತ್ತು, ಊರು ಶ್ರೀಮಂತವಾಗಿರಲಿಲ್ಲ. ಸಾಲದ ನಿಯಮ ಬದಲಾಯಿಸಲು ಅವರು ಊರು ಶ್ರೀಮಂತವಾಗುವ ತನಕ ಕಾಯಲಿಲ್ಲ ಎಂಬುದನ್ನು ತಮ್ಮ ಎರಡನೆಯ ಪ್ರಶ್ನೆಗಾಗಿ ನೆನಪಿಸುತ್ತಿದ್ದೇವೆ.

ಆ ಪ್ರಶ್ನೆಗೆ ಅಮೆರಿಕವೇ ಇನ್ನೊಂದು ರೀತಿಯಲ್ಲಿ ಉತ್ತರ ಕೊಟ್ಟಿದೆ. ಕೊರೊನಾ ಕಾಲದಲ್ಲಿ, 2021ರ ಜುಲೈನಿಂದ ಡಿಸೆಂಬರ್‌ವರೆಗೆ, ಆರು ವರ್ಷದೊಳಗಿನ ಪ್ರತಿ ಮಗುವಿಗೆ ತಿಂಗಳಿಗೆ 300 ಡಾಲರ್, ಅದಕ್ಕಿಂತ ದೊಡ್ಡ ಮಕ್ಕಳಿಗೆ 250 ಡಾಲರ್‌ವರೆಗೆ ನೇರವಾಗಿ ತಂದೆತಾಯಿಗಳ ಖಾತೆಗೆ ಹಾಕಿದರು. ದುಡಿಮೆಯೇ ಇಲ್ಲದ ಮನೆಗಳಿಗೂ ಕೊಟ್ಟರು. ಸರ್ಕಾರದ ನೆರವನ್ನೂ ಸೇರಿಸಿ ಅಳೆಯುವ ಲೆಕ್ಕದಲ್ಲಿ ಆ ವರ್ಷ ಬಡ ಮಕ್ಕಳ ಪ್ರಮಾಣ ನೂರಕ್ಕೆ 5.2ಕ್ಕೆ ಇಳಿಯಿತು; ಅಷ್ಟು ಕೆಳಗೆ ಅದು ಹಿಂದೆಂದೂ ಇಳಿದಿರಲಿಲ್ಲ. ಖರ್ಚು ಹೆಚ್ಚಾಯಿತು, ಜನ ದುಡಿಯುವುದನ್ನು ಬಿಟ್ಟಾರು ಎಂಬ ವಾದಗಳೆದ್ದವು, ಸಂಸತ್ತು ಯೋಜನೆಯನ್ನು ಮುಂದುವರಿಸಲಿಲ್ಲ. ಮರುವರ್ಷವೇ ಪ್ರಮಾಣ 12.4ಕ್ಕೆ ಏರಿತು. ಆ ಒಂದು ವರ್ಷದಲ್ಲಿ ದೇಶವೇನೂ ಬಡವಾಗಿರಲಿಲ್ಲ, ಮಕ್ಕಳೂ ಅವರೇ, ತಂದೆತಾಯಿಗಳೂ ಅವರೇ. ಹೋದದ್ದು ಮುಖ್ಯವಾಗಿ ಈ ಹಣವೂ ಸೇರಿದಂತೆ ಕೊರೊನಾ ಕಾಲದ ಸರ್ಕಾರಿ ನೆರವು. ಇದನ್ನು ಓದಿದಾಗ ನಮಗಾದದ್ದು ಆಶ್ಚರ್ಯಕ್ಕಿಂತ ಸಂಕಟ.

ಹಾಗಾಗಿ, ಮಾನ್ಯರೇ, ಉದ್ರಿ ವಹಿ ತಾನಾಗಿಯೇ ಮುಚ್ಚುವುದಿಲ್ಲ ಎಂದೇ ನಾವು ಹೇಳಬೇಕಾಗಿದೆ. ಅಮೆರಿಕದ ಒಟ್ಟು ಸಂಪತ್ತಿನಲ್ಲಿ ಸುಮಾರು ನೂರಕ್ಕೆ ಮೂವತ್ತರಷ್ಟು ಎಲ್ಲರಿಗಿಂತ ಶ್ರೀಮಂತರಾದ ನೂರಕ್ಕೆ ಒಬ್ಬರ ಬಳಿ ಇದ್ದರೆ, ಕೆಳಗಿನ ಅರ್ಧದಷ್ಟು ಜನರ ಬಳಿ ಇರುವುದು ನೂರಕ್ಕೆ ಎರಡೂವರೆಯಷ್ಟು. ನಮ್ಮಲ್ಲಿ ಅಂಥ ನೂರಕ್ಕೆ ಒಬ್ಬರ ಹತ್ತಿರ 2022–23ರಲ್ಲಿ ಸಂಪತ್ತಿನ ನೂರಕ್ಕೆ ನಲವತ್ತರಷ್ಟು ಇತ್ತೆಂದು ಅಸಮಾನತೆಯ ಅಧ್ಯಯನ ನಡೆಸುವ ವರ್ಲ್ಡ್ ಇನ್‌ಈಕ್ವಾಲಿಟಿ ಲ್ಯಾಬ್‌ನ ಸಂಶೋಧಕರು ಅಂದಾಜಿಸಿದ್ದಾರೆ. ನಾವು ಅವರ ಸಿರಿತನ ಮುಟ್ಟುವ ಮೊದಲೇ ಅವರ ಅಸಮಾನತೆಯನ್ನು ದಾಟಿದ್ದೇವೆ.

ಒಂದು ಕೋರಿಕೆಯಿದೆ. ಮೂವತ್ತು ವರ್ಷಗಳ ಉದ್ರಿ ವಹಿಗಳನ್ನು ಅಟ್ಟದ ಮೇಲೆ ಗಂಟು ಕಟ್ಟಿ ಇಟ್ಟಿದ್ದೇನೆ ಎಂದಿದ್ದೀರಿ. ಯಾವ ವರ್ಷ ಯಾವ ಸಾಮಾನಿಗೆ ಉದ್ರಿ ಹೆಚ್ಚಾಯಿತು, ಎಷ್ಟು ಮಂದಿ ತೀರಿಸಿದರು, ಎಷ್ಟನ್ನು ತಾವೇ ಹೊಡೆದುಹಾಕಿದಿರಿ ಎಂಬುದನ್ನು ಗಿರಾಕಿಗಳ ಹೆಸರು ಬಿಟ್ಟು ಬರೆದು ಕಳಿಸಿದರೆ ಮುಂದಿನ ಸಂಚಿಕೆಯಲ್ಲಿ ನಾಲ್ಕು ಪುಟ ತೆಗೆದಿರಿಸುತ್ತೇವೆ. ತಮ್ಮ ಅಳಿಯ ಮರಳಿ ಹೋಗುವ ಮುನ್ನ ಆ ಹೆಣ್ಣುಮಗಳ ವಿಷಯವನ್ನು ಇನ್ನಷ್ಟು ಹೇಳಿದರೆ ಅದನ್ನೂ ತಿಳಿಸಿ.

ಸಂಪಾದಕ
ಹುಬ್ಬಳ್ಳಿ