ಚಳಿಗಾಲದಲ್ಲಿ ರೈತರ ಮನೆಗೆ ರಜೆನಾ?

ಸುಗ್ಗಿ ಮುಗಿದ ಮೇಲೆ ಚಳಿಗಾಲ ಪೂರ್ತಿ ರೈತರ ಮನೆಯವರು ಏನು ಮಾಡ್ತಾರೆ ಅಂತ ಕೇಳಿದ್ದೀರಿ. ರಜೆ ಅನ್ನೋದು ದನಕರುಗಳಿಗೆ ಗೊತ್ತಿಲ್ಲ ನೋಡಿ. ಚಳಿ ಜೋರಾದಷ್ಟೂ ಮೈ ಬೆಚ್ಚಗಿರೋಕೆ ಅವಕ್ಕೆ ಮೇವು ಜಾಸ್ತಿನೇ ಬೇಕು. ಉಳಿದ ಹೊತ್ತು ಬೇಲಿ ರಿಪೇರಿ, ಕುಡುಗೋಲು ಮಸೆಯೋದು, ಗುದ್ದಲಿ ಕಾವಿಗೆ ಎಣ್ಣೆ ಸವರೋದು. ನನಗೆ ಇಷ್ಟವಾದದ್ದು ಬೀಜದ ಪರೀಕ್ಷೆ. ಎತ್ತಿಟ್ಟ ಬೀಜದಲ್ಲಿ 100 ಎಣಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಬೆಚ್ಚಗಿನ ಮೂಲೆಯಲ್ಲಿಡಿ. ಬಟ್ಟೆ ಒಣಗಬಾರದು. ವಾರ, ಹತ್ತು ದಿನದಲ್ಲಿ 60 ಮಾತ್ರ ಮೊಳೆತರೆ ಬೇರೆ ಬೀಜ ಹುಡುಕಬೇಕು, ಇಲ್ಲವೇ ಹೆಚ್ಚು ಬಿತ್ತಬೇಕು. ಈ ಎಣಿಕೆ ಮಕ್ಕಳಿಗೆ ವಹಿಸಿ, ಜಗಳ ಆಡಿಕೊಂಡಾದರೂ ಮಾಡ್ತಾರೆ! ವರ್ಷದ ಲೆಕ್ಕದ ಪುಸ್ತಕ ತೆಗೆಯೋದನ್ನು ಮಾತ್ರ ದೊಡ್ಡವರೆಲ್ಲ ನಾಳೆ ನಾಳೆ ಅಂತ ಮುಂದೂಡ್ತಾರೆ. ನಾವೂ ಅಷ್ಟೇ.